ಅನುಪಲಬ್ಧಿಯೂ ಅಭಾವವೂ: ಕಚೇರಿಯ ಗಣಕಯಂತ್ರಕ್ಕೆ ಕಾಣದ ಪೆನ್ ಡ್ರೈವಿನ ವಿಚಾರ

ವಸ್ತುವು ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದು ನಿರ್ಣಯಿಸಲಾಗದೆಂಬುದು ನಮ್ಮ ಶಾಸ್ತ್ರಜ್ಞರಿಗೆ ಹೊಸ ಮಾತಲ್ಲ. ಇರುವ ಪದಾರ್ಥವೇ ಕಾಣದೆ ಹೋಗುವುದಕ್ಕೆ ಪತಂಜಲಿಯು ಮಹಾಭಾಷ್ಯದಲ್ಲಿ ಆರು ಕಾರಣಗಳನ್ನೂ, ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನೂ ಎಣಿಸಿರುವರು. ಕಾಣಲು ಬೇಕಾದ ಸಾಮಗ್ರಿಯೆಲ್ಲವೂ ಕೂಡಿದ್ದು, ಆಗಲೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಇದನ್ನೇ ಯೋಗ್ಯಾನುಪಲಬ್ಧಿಯೆಂದು ಕರೆಯುವರು. ಪಾಠಶಾಲೆಯಲ್ಲಿ ಘಟಪಟಗಳನ್ನು ಉದಾಹರಣೆಯಾಗಿಟ್ಟುಕೊಂಡು ಕಲಿತ ಈ ವಿಚಾರವು, ಐವತ್ತು ದಾಟಿದ ಮೇಲೆ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಉಪಕರಣದ ವಿಷಯದಲ್ಲಿ ನನ್ನ ನೆರವಿಗೆ ಬಂದೀತೆಂದು ನಾನು ಎಣಿಸಿರಲಿಲ್ಲ. ಹಸ್ತಪ್ರತಿಗಳ ಚಿತ್ರಗಳನ್ನೂ ಪಾಠಟಿಪ್ಪಣಿಗಳನ್ನೂ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳುವ ಅಧ್ಯಾಪಕರು ಈಗ ಅನೇಕರಿರುವುದರಿಂದ, ಆ ವಿಚಾರವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇನೆ.

೧. ಪ್ರಸಂಗ

ಒಂದು ಮನೆತನದವರಲ್ಲಿ ತಾಳೆಯೋಲೆಯ ಕಟ್ಟೊಂದಿದ್ದಿತು. ಗರಿಗಳು ಬಹಳ ಶಿಥಿಲವಾಗಿ, ಬಿಚ್ಚಿದಾಗಲೆಲ್ಲ ಅಂಚು ಮುರಿಯುತ್ತಿದ್ದವು. ಒಂದೇ ಸಲ ಬಿಚ್ಚಿ ಚಿತ್ರ ತೆಗೆದುಕೊಳ್ಳಲು ಅವರು ಅನುಮತಿಯಿತ್ತರು. ಹಾಗೆ ತೆಗೆದ ಚಿತ್ರಗಳನ್ನೆಲ್ಲ ಪೆನ್ ಡ್ರೈವಿಗೆ ತುಂಬಿ, ಕ್ಯಾಮೆರಾವನ್ನು ಬರಿದು ಮಾಡಿದೆನು. ಇನ್ನೊಂದು ಪ್ರತಿಯನ್ನು ಮಾಡಿಕೊಳ್ಳದೆ ಹೋದದ್ದು ನನ್ನ ಆಲಸ್ಯವೇ ಹೊರತು ಬೇರೇನೂ ಅಲ್ಲ. ಮರುದಿನ ಕಚೇರಿಯ ಗಣಕಯಂತ್ರಕ್ಕೆ ಅದನ್ನು ಸಿಕ್ಕಿಸಲು, ಅದರ ದೀಪವು ಮಿನುಗಿತು. ತೆರೆಯ ಮೇಲೆ ಮಾತ್ರ ಏನೂ ಕಾಣಿಸಲಿಲ್ಲ. ಸಹೋದ್ಯೋಗಿಗಳಲ್ಲಿ ಒಬ್ಬರು “ಇದು ಸತ್ತಿತು” ಎಂದರು. ಮತ್ತೊಬ್ಬರು “ಫಾರ್ಮ್ಯಾಟ್ ಮಾಡಿಸಿರಿ, ಸರಿಹೋಗುವುದು” ಎಂದರು. ಈ ಎರಡನೆಯ ಮಾತು ಮೊದಲನೆಯದಕ್ಕಿಂತಲೂ ಅಪಾಯಕರವಾದುದು. ಫಾರ್ಮ್ಯಾಟಿನಿಂದ ಪೆನ್ ಡ್ರೈವು ಉಳಿದೀತು; ಓಲೆಗಳು ಉಳಿಯವು.

೨. ಉಪಕರಣದ ಸ್ವರೂಪ

ಇದರೊಳಗಿರುವ ಫ್ಲ್ಯಾಶ್ ಸ್ಮೃತಿಯನ್ನು ಕಂಡುಹಿಡಿದವರು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕ ಎಂಬವರು. ಅವರ ಮೊದಲನೆಯ ಬಗೆಯು ೧೯೮೪ರಲ್ಲಿಯೂ, ಈಗ ಪೆನ್ ಡ್ರೈವುಗಳಲ್ಲಿ ಬಳಕೆಯಲ್ಲಿರುವ ನ್ಯಾಂಡ್ ಎಂಬ ಬಗೆಯು ೧೯೮೭ರಲ್ಲಿಯೂ ಪ್ರಕಟವಾದುವು. ಸಿಕ್ಕಿಸುವ ತುದಿಯ ವ್ಯವಸ್ಥೆಯಾದ ಯು.ಎಸ್.ಬಿ.ಯ ಮೊದಲ ನಿಯಮಾವಳಿಯು ೧೯೯೬ರಲ್ಲಿ ಹೊರಟಿತು; ಅದನ್ನು ರೂಪಿಸಿದವರಲ್ಲಿ ಇಂಟೆಲ್ ಸಂಸ್ಥೆಯ, ಭಾರತೀಯ ಮೂಲದ ಅಜಯ ಭಟ್ಟರು ಪ್ರಮುಖರು. ಇವೆರಡೂ ಕೂಡಿದ ಪೆನ್ ಡ್ರೈವು ೨೦೦೦ದಲ್ಲಿ ಮಾರುಕಟ್ಟೆಗೆ ಬಂದಿತು. ಆಗ ಐ.ಬಿ.ಎಂ. ಸಂಸ್ಥೆಯು ಮಾರಿದ್ದರ ಸಾಮರ್ಥ್ಯವು ಕೇವಲ ೮ ಮೆಗಾಬೈಟು.

ಯು.ಎಸ್.ಬಿ. ೨.೦ರ ತುದಿಯಲ್ಲಿ ನಾಲ್ಕು ಲೋಹದ ಪಟ್ಟಿಗಳಿರುವುವು. ಹೊರಗಿನ ಎರಡು ೫ ವೋಲ್ಟಿನ ವಿದ್ಯುತ್ತನ್ನು ಒಯ್ಯುವುವು. ನಡುವಿನ ಎರಡು ಮಾತನ್ನು ಒಯ್ಯುವುವು. ಹೊರಗಿನ ಪಟ್ಟಿಗಳು ತುಸು ಉದ್ದವಾಗಿರುವುದರಿಂದ ಮೊದಲು ವಿದ್ಯುತ್ತು ತಾಗುವುದು, ಬಳಿಕ ಮಾತು ತಾಗುವುದು. ಆದುದರಿಂದ ದೀಪವು ಉರಿದ ಮಾತ್ರಕ್ಕೆ ಸಂಬಂಧವು ಸಿದ್ಧಿಸಿತೆಂದು ತಿಳಿಯತಕ್ಕುದಲ್ಲ. ಅರ್ಧ ಸಿಕ್ಕಿದ ಪೆನ್ ಡ್ರೈವಿನಲ್ಲಿಯೂ ದೀಪ ಉರಿಯಬಹುದು.

ಮಾತು ತಾಗಿದೊಡನೆ ನಡೆಯುವ ವಿಧಿಯು ವಟುವಿನ ಅಭಿವಾದನವನ್ನು ಹೋಲುವುದು. ಹೊಸಬನು ಬಂದುದನ್ನು ಗಣಕಯಂತ್ರವು ಅರಿತು, ನೀನು ಯಾರೆಂದು ಕೇಳುವುದು. ಪೆನ್ ಡ್ರೈವು ತನ್ನನ್ನು ನಿರ್ಮಿಸಿದವರ ಸಂಖ್ಯೆಯನ್ನೂ, ತನ್ನ ಜಾತಿಯನ್ನೂ, ತನಗೆ ಬೇಕಾದ ವಿದ್ಯುತ್ತಿನ ಪ್ರಮಾಣವನ್ನೂ ನಿವೇದಿಸುವುದು. ಯಂತ್ರವು ಅದಕ್ಕೆ ೧ರಿಂದ ೧೨೭ರೊಳಗಿನ ಒಂದು ಸಂಖ್ಯೆಯನ್ನು ಕೊಟ್ಟು ಅಂಗೀಕರಿಸುವುದು. ಬಳಿಕ ಅದರೊಳಗಿನ ವಿಭಾಗವನ್ನೂ, ಕಡತಗಳ ಸೂಚಿಯನ್ನೂ ಓದಿ, ಕೊನೆಗೆ ವಿಂಡೋಸ್ ವ್ಯವಸ್ಥೆಯಲ್ಲಾದರೆ ಒಂದು ಅಕ್ಷರವನ್ನು ಹೆಸರಾಗಿ ಇಡುವುದು. ಇಷ್ಟೂ ನಡೆದರೆ ಮಾತ್ರ ನಮಗೆ ಅದು “ಕಾಣುವುದು”. ಯಾವ ಮೆಟ್ಟಿಲಿನಲ್ಲಿ ಎಡವಿದರೂ ನಮಗೆ ತೋರುವ ಫಲವು ಒಂದೇ, ಕಾಣದಿರುವಿಕೆ. ಫಲವು ಒಂದಾದರೂ ಕಾರಣಗಳು ಬೇರೆಬೇರೆಯಾದುದರಿಂದಲೇ ಪರೀಕ್ಷೆಯು ಅವಶ್ಯಕವಾಗಿರುವುದು.

೩. ಕಾಣದಿರುವುದರ ಕಾರಣಗಳು

ಈಶ್ವರಕೃಷ್ಣನ ಎಣಿಕೆಯನ್ನೇ ಇಲ್ಲಿ ಅನುಸರಿಸುವೆನು. ಎಂಟರಲ್ಲಿ ಏಳು ನಮ್ಮ ವಿಷಯಕ್ಕೆ ಹೊಂದುವುವು. ಅತಿಸಾಮೀಪ್ಯಕ್ಕೆ ಇಲ್ಲಿ ದೃಷ್ಟಾಂತವನ್ನು ಬಲಾತ್ಕಾರದಿಂದ ಕಲ್ಪಿಸುವುದು ಉಚಿತವಲ್ಲ.

ಅತಿದೂರ: ಯು.ಎಸ್.ಬಿ. ೨.೦ರ ತಂತಿಯು ೫ ಮೀಟರಿಗೆ ಮೀರಬಾರದೆಂದು ನಿಯಮವುಂಟು. ಉದ್ದದ ತಂತಿಗಳನ್ನು ಬಿಟ್ಟು ಯಂತ್ರದ ಹಿಂಬದಿಯ ಪೋರ್ಟಿಗೆ ನೇರವಾಗಿ ಸಿಕ್ಕಿಸಿ ನೋಡತಕ್ಕುದು.

ಇಂದ್ರಿಯಘಾತ: ಪೋರ್ಟೇ ಗಣಕಯಂತ್ರದ ಕಣ್ಣು. ಅದರಲ್ಲಿ ಧೂಳು ತುಂಬಿರಬಹುದು, ಪಟ್ಟಿಗಳು ಸವೆದಿರಬಹುದು. ಅದೇ ಪೋರ್ಟಿಗೆ ಮೌಸನ್ನು ಸಿಕ್ಕಿಸಿದರೆ ಕಣ್ಣಿನ ಪರೀಕ್ಷೆಯಾಗುವುದು.

ಮನಸ್ಸಿನ ಅನವಸ್ಥೆ: ಕಣ್ಣು ಸರಿಯಿದ್ದರೂ ಮನಸ್ಸು ಬೇರೆಡೆಯಿದ್ದರೆ ಎದುರಿಗಿರುವುದು ತೋರದು. ಹಾಗೆಯೇ ಯಂತ್ರದ ಚಾಲಕತಂತ್ರವು ಅರ್ಧದಲ್ಲಿ ನಿಂತಿರಬಹುದು. ಇದಕ್ಕೆ ಪುನರಾರಂಭವೇ ಮದ್ದು. ೨೦೧೨ರ ವಿಂಡೋಸ್ ೮ರಿಂದೀಚೆಗೆ, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಹಳೆಯ ಸ್ಥಿತಿಯ ಕೆಲವಂಶವು ಉಳಿದೇ ಇರುವುದುಂಟು. ಆದುದರಿಂದ ‘ರೀಸ್ಟಾರ್ಟ್’ ಎಂಬುದನ್ನೇ ಆರಿಸತಕ್ಕುದು.

ಸೌಕ್ಷ್ಮ್ಯ: ಕಡತಗಳ ಸೂಚಿಯನ್ನು ಬರೆಯುವ ಪದ್ಧತಿಗಳು ಹಲವು. ಆಪಲ್ ಯಂತ್ರದ ಎ.ಪಿ.ಎಫ್.ಎಸ್., ಲಿನಕ್ಸಿನ ಎಕ್ಸ್ಟ್೪ ಎಂಬ ಪದ್ಧತಿಗಳನ್ನು ವಿಂಡೋಸು ತಾನಾಗಿ ಓದಲಾರದು. ತಿಗಳಾರಿ ಲಿಪಿಯನ್ನು ಅರಿಯದವನು ಓಲೆಯನ್ನು ನೋಡಿ ಬರಿಯ ಗೀರುಗಳೆನ್ನುವಂತೆ, ಅದು “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳುವುದು. ಸೂಚಿಯು ಕೆಟ್ಟಿದ್ದರೂ ಇದೇ ಪ್ರಶ್ನೆಯು ಬರುವುದು. ಎರಡರಲ್ಲಿಯೂ ಉತ್ತರವು ‘ಬೇಡ’ ಎಂದೇ ಇರತಕ್ಕುದು.

ವ್ಯವಧಾನ: ಗೋಡೆಯಾಚೆಯ ವಸ್ತುವು ಕಾಣದಂತೆ, ಕಚೇರಿಯವರು ಬುದ್ಧಿಪೂರ್ವಕವಾಗಿಯೇ ಪೆನ್ ಡ್ರೈವುಗಳನ್ನು ತಡೆದಿರಬಹುದು. ಇದು ನಿಷ್ಕಾರಣವಲ್ಲ. ೨೦೦೮ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಇಂತಹ ಉಪಕರಣಗಳನ್ನು ಕೆಲಕಾಲ ನಿಷೇಧಿಸಿತು. ೨೦೧೦ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ದುಷ್ಟತಂತ್ರವು ಪೆನ್ ಡ್ರೈವುಗಳ ಮೂಲಕವೂ ಹರಡಿತು. ಇಂತಹ ತಡೆಯಲ್ಲಿ ಮೌಸು ನಡೆಯುವುದು, ಪೆನ್ ಡ್ರೈವು ಮಾತ್ರ ನಡೆಯದು. ಗೋಡೆಯನ್ನು ನಾವೇ ಒಡೆಯದೆ, ಮೇಲ್ವಿಚಾರಕರನ್ನು ಕೇಳುವುದೇ ಸರಿಯಾದ ದಾರಿ.

ಅಭಿಭವ: ಸೂರ್ಯನ ಬೆಳಕಿನಲ್ಲಿ ನಕ್ಷತ್ರಗಳು ಮರೆಯಾಗುವಂತೆ, ಪ್ರಬಲವಾದುದರಿಂದ ದುರ್ಬಲವು ಅಡಗುವುದು. ಯು.ಎಸ್.ಬಿ. ೨.೦ರ ಒಂದು ಪೋರ್ಟು ೫೦೦ ಮಿಲಿಆಂಪಿಯರ್ ವಿದ್ಯುತ್ತನ್ನು ಮಾತ್ರ ಕೊಡುವುದು. ಅದಕ್ಕೆ ಕವಲುಪೆಟ್ಟಿಗೆಯನ್ನು ತೊಡಿಸಿ ನಾಲ್ಕಾರು ಉಪಕರಣಗಳನ್ನು ಸಿಕ್ಕಿಸಿದರೆ ಪೆನ್ ಡ್ರೈವಿಗೆ ಪಾಲು ಸಾಲದೆ ಹೋಗಬಹುದು.

ಸಮಾನಾಭಿಹಾರ: ಹುರುಳಿಯ ರಾಶಿಗೆ ಎಸೆದ ಹುರುಳಿಯ ಕಾಳು ಅಲ್ಲಿಯೇ ಇದ್ದರೂ ಗುರುತು ಸಿಕ್ಕದು. ಒಂದೇ ಅಕ್ಷರವು ಎರಡು ಕೋಶಗಳಿಗೆ ಹೆಸರಾದರೆ ಹೀಗೆಯೇ ಆಗುವುದು. ಕಚೇರಿಯ ಜಾಲದಲ್ಲಿರುವ ಸಾಮಾನ್ಯಕೋಶಕ್ಕೆ ಕೊಟ್ಟ ಅಕ್ಷರವೇ ಪೆನ್ ಡ್ರೈವಿಗೂ ಬಂದರೆ, ಜಾಲದ ಕೋಶವೇ ತೋರಿ ಪೆನ್ ಡ್ರೈವು ಅದರ ಹಿಂದೆ ಅಡಗುವುದು.

೪. ಅನ್ವಯವ್ಯತಿರೇಕಗಳಿಂದ ಪರೀಕ್ಷೆ

ಇಷ್ಟು ಕಾರಣಗಳಲ್ಲಿ ಪ್ರಕೃತಕ್ಕೆ ಯಾವುದು ಸಲ್ಲುವುದೆಂಬುದನ್ನು ತಿಳಿಯುವ ಬಗೆಯು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮಿಕ್ಕುದನ್ನು ಹಾಗೆಯೇ ಉಳಿಸಿಕೊಳ್ಳುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲವು ಯಾವುದರಿಂದ ಬಂದಿತೆಂಬುದು ತಿಳಿಯದು.

ಮೊದಲು, ಅದೇ ಪೋರ್ಟಿಗೆ ಮೌಸನ್ನು ಸಿಕ್ಕಿಸಿದೆನು, ಅದು ನಡೆಯಿತು. ಹೀಗೆ ಇಂದ್ರಿಯಘಾತವು ನಿರಸ್ತವಾಯಿತು. ಎರಡನೆಯದಾಗಿ, ಸಂಜೆ ಮನೆಯ ಯಂತ್ರಕ್ಕೆ ಪೆನ್ ಡ್ರೈವನ್ನು ಸಿಕ್ಕಿಸಿದೆನು. ಓಲೆಗಳ ಚಿತ್ರಗಳೆಲ್ಲವೂ ಸಾಲಾಗಿ ತೋರಿದುವು. ಆ ಕ್ಷಣದಲ್ಲಿ ನನಗಾದ ಸಮಾಧಾನವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಬೇರೇನನ್ನೂ ಮಾಡುವ ಮೊದಲು ಎರಡು ಪ್ರತಿಗಳನ್ನು ಮಾಡಿಕೊಂಡೆನೆಂದು ಹೇಳಿದರೆ ಸಾಕು. ಪೆನ್ ಡ್ರೈವು ಸತ್ತಿಲ್ಲವೆಂಬುದೂ, ಅದರ ಸೂಚಿಯು ಕೆಟ್ಟಿಲ್ಲವೆಂಬುದೂ ಇದರಿಂದ ಸಿದ್ಧಿಸಿತು. ಮೂರನೆಯದಾಗಿ, ಸಹೋದ್ಯೋಗಿಯೊಬ್ಬರ ಪೆನ್ ಡ್ರೈವನ್ನು ನನ್ನ ಕಚೇರಿಯ ಯಂತ್ರಕ್ಕೆ ಸಿಕ್ಕಿಸಲು ಅದೂ ಕಾಣಲಿಲ್ಲ.

ಇಲ್ಲಿ ನಾನು ವ್ಯವಧಾನವೇ ಕಾರಣವೆಂದು ಆತುರದಿಂದ ನಿಶ್ಚಯಿಸಿದೆನು. ಮೌಸು ನಡೆಯುತ್ತಿದ್ದು ಪೆನ್ ಡ್ರೈವುಗಳು ಮಾತ್ರ ನಡೆಯದಿದ್ದುದು ಆ ಲಕ್ಷಣಕ್ಕೆ ಸರಿಯಾಗಿಯೇ ಇದ್ದಿತು. ಆದರೆ ಮೇಲ್ವಿಚಾರಕರು ಅಂತಹ ನಿಷೇಧವಾವುದೂ ಇಲ್ಲವೆಂದರು. ಹೇತುವು ಸವ್ಯಭಿಚಾರವಾಗಿದ್ದಿತು, ಅದೇ ಲಕ್ಷಣವು ಮತ್ತೊಂದು ಕಾರಣಕ್ಕೂ ಸಲ್ಲುತ್ತಿದ್ದಿತು. ಬಳಿಕ ಅವರು ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬ ಪುಟವನ್ನು ತೆರೆಯಲು, ಅಲ್ಲಿ ನನ್ನ ಪೆನ್ ಡ್ರೈವು ತನ್ನ ಪೂರ್ಣ ಪ್ರಮಾಣದೊಡನೆ, ಆರೋಗ್ಯವಾಗಿದೆಯೆಂಬ ಗುರುತಿನೊಡನೆ ಇದ್ದಿತು. ಅದರ ಹೆಸರು ‘ಎಫ್’. ಕೆಲವು ದಿನಗಳ ಹಿಂದೆ ಕಚೇರಿಯ ಸಾಮಾನ್ಯಕೋಶಕ್ಕೂ ‘ಎಫ್’ ಎಂಬ ಹೆಸರನ್ನೇ ಇಟ್ಟಿದ್ದರು. ಪೆನ್ ಡ್ರೈವಿಗೆ ‘ಪಿ’ ಎಂಬ ಅಕ್ಷರವನ್ನು ಕೊಟ್ಟೊಡನೆ ಅದು ಪ್ರತ್ಯಕ್ಷವಾಯಿತು. ಕಾರಣವು ಸಮಾನಾಭಿಹಾರವೆಂದು ಹೀಗೆ ನಿರ್ಣಯವಾಯಿತು.

ಆ ಪುಟದಲ್ಲಿಯೂ ಪೆನ್ ಡ್ರೈವು ತೋರದಿದ್ದರೆ ‘ಡಿವೈಸ್ ಮ್ಯಾನೇಜರ್’ ಎಂಬುದನ್ನು ನೋಡತಕ್ಕುದು. ಅಲ್ಲಿ ಅಪರಿಚಿತ ಉಪಕರಣವೆಂದು, ೪೩ ಎಂಬ ಸಂಖ್ಯೆಯೊಡನೆ ಸೂಚನೆಯಿದ್ದರೆ, ಯಂತ್ರವು ಕೇಳಿದ ಮೊದಲ ಪ್ರಶ್ನೆಗೇ ಸರಿಯಾದ ಉತ್ತರವು ಬಂದಿಲ್ಲವೆಂದು ಅನೇಕವೇಳೆ ತಿಳಿಯಬಹುದು. ಬೇರೆ ಯಂತ್ರಗಳಲ್ಲಿಯೂ ಹಾಗೆಯೇ ಆದರೆ ದೋಷವು ಪೆನ್ ಡ್ರೈವಿನದು. ಆಗ ಕಳೆದುದನ್ನು ಹಿಂಪಡೆಯಬಲ್ಲ ತಜ್ಞರಲ್ಲಿಗೆ ಹೋಗಬೇಕಲ್ಲದೆ ಸ್ವಪ್ರಯೋಗಗಳು ತಕ್ಕುವಲ್ಲ.

೫. ಉಪಸಂಹಾರ

ಫಾರ್ಮ್ಯಾಟಿನ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಿ ಮುಗಿಸುವೆನು. ಶೀಘ್ರವಿಧಾನದ ಫಾರ್ಮ್ಯಾಟು ಗ್ರಂಥದ ಸೂಚಿಯನ್ನು ಮಾತ್ರ ಹೊಸದಾಗಿ ಬರೆಯುವುದರಿಂದ, ಮೇಲೆ ಬೇರೇನನ್ನೂ ಬರೆಯದಿದ್ದರೆ ಒಳಗಿನದು ಹಿಂದಿರುಗುವ ಸಂಭವವುಂಟು. ವಿಂಡೋಸಿನ ಪೂರ್ಣವಿಧಾನವು ಪ್ರತಿಯೊಂದು ಸ್ಥಳದಲ್ಲಿಯೂ ಸೊನ್ನೆಯನ್ನು ಬರೆಯುವುದು. ಅದರ ಬಳಿಕ ಆಸೆಗೆ ಎಡೆಯಿಲ್ಲ. ಸರಿಪಡಿಸುವ ಆಜ್ಞೆಗಳೂ ಪೆನ್ ಡ್ರೈವಿನ ಮೇಲೆ ಬರೆಯತಕ್ಕುವೇ ಆದುದರಿಂದ, ಮೊದಲು ಪ್ರತಿ, ಬಳಿಕ ಚಿಕಿತ್ಸೆ ಎಂಬ ಕ್ರಮವನ್ನು ಮೀರತಕ್ಕುದಲ್ಲ.

ಫ್ಲ್ಯಾಶ್ ಸ್ಮೃತಿಯಲ್ಲಿ ಅಕ್ಷರಗಳು ನಿಲ್ಲುವುದು ಸೂಕ್ಷ್ಮ ಕೋಶಗಳಲ್ಲಿ ಸೆರೆಯಾದ ವಿದ್ಯುದಂಶದಿಂದ. ಅದು ಕಾಲಕ್ರಮದಲ್ಲಿ ಸೋರುವುದು; ಬರೆದು ಅಳಿಸಿದಷ್ಟೂ ಕೋಶವು ಸವೆಯುವುದು. ಓಲೆಯೂ ಶಾಶ್ವತವಲ್ಲವೆಂದು ಬಲ್ಲ ನಮ್ಮ ಲಿಪಿಕಾರರು ತಲೆಮಾರುಗಳಿಗೊಮ್ಮೆ ಪ್ರತಿ ಮಾಡುತ್ತ ಬಂದುದರಿಂದಲೇ ಪ್ರಾಚೀನ ಗ್ರಂಥಗಳು ನಮ್ಮವರೆಗೆ ಉಳಿದು ಬಂದಿವೆ. ಆ ಶ್ರಮವು ಈಗ ಕೆಲವು ನಿಮಿಷಗಳ ಕೆಲಸವಾಗಿರುವಾಗ, ಒಂದೇ ಪ್ರತಿಯನ್ನು ನಂಬಿ ಕುಳಿತ ನನ್ನ ತಪ್ಪನ್ನು ಅನ್ಯರು ಮಾಡದಿರಲಿ. ಕಾಣದುದನ್ನು ಇಲ್ಲವೆಂದು ತಿಳಿದು ಅಳಿಸಿಬಿಡುವ ಆತುರವು ಎಂದಿನಿಂದಲೂ ಸಂಶೋಧಕನ ಶತ್ರು. ಗ್ರಂಥಸಂಪಾದನೆಯಲ್ಲಿ ಅರ್ಥವಾಗದ ಪಾಠವನ್ನು ನಾವು ತೆಗೆದುಹಾಕುವುದಿಲ್ಲವಷ್ಟೆ? ಪೆನ್ ಡ್ರೈವಿಗೂ ಆ ಮರ್ಯಾದೆಯನ್ನೇ ಸಲ್ಲಿಸತಕ್ಕುದು.