ಹುಲ್ಲು ಕತ್ತರಿಸುವ ಯಂತ್ರವು ಚಾಲೂ ಆಗದಿದ್ದಲ್ಲಿ ಮಾಡತಕ್ಕ ಪರೀಕ್ಷೆಗಳು

ಅಡಕೆ ಮತ್ತು ತೆಂಗಿನ ತೋಟಗಳಲ್ಲಿ ಹುಲ್ಲನ್ನೂ ಕಳೆಯನ್ನೂ ಸವರುವುದಕ್ಕೆ ಪೆಟ್ರೋಲಿನಿಂದ ನಡೆಯುವ ಸಣ್ಣ ಯಂತ್ರಗಳು ಈಚೆಗೆ ಧಾರಾಳವಾಗಿ ಬಳಕೆಗೆ ಬಂದಿರುವುವು. ಹೆಗಲಿಗೆ ತೂಗುಹಾಕಿಕೊಂಡು ನಡೆಸುವ, ಜನರು ವೀಡ್ ಕಟ್ಟರ್ ಎಂದು ಕರೆಯುವ ಯಂತ್ರವೂ, ಪಟ್ಟಣದ ಉದ್ಯಾನಗಳಲ್ಲಿ ಹುಲ್ಲುಹಾಸಿನ ಮೇಲೆ ತಳ್ಳಿಕೊಂಡು ಹೋಗುವ ಚಕ್ರದ ಯಂತ್ರವೂ ಎಂಜಿನಿನ ಮಟ್ಟಿಗೆ ಒಂದೇ ಜಾತಿಗೆ ಸೇರಿದುವು. ಆದಕಾರಣ ಇಲ್ಲಿ ಮೊದಲನೆಯದಕ್ಕೆ ಹೇಳಿರುವುದು ಬಹುಮಟ್ಟಿಗೆ ಎರಡನೆಯದಕ್ಕೂ ಸಲ್ಲುವುದು.

ಈ ಯಂತ್ರಗಳು ಕೈಕೊಡುವುದು ಸಾಮಾನ್ಯವಾಗಿ ಅತ್ಯಂತ ಅಗತ್ಯವಾದ ಕಾಲದಲ್ಲಿಯೇ. ಮಲೆನಾಡಿನಲ್ಲಿ ಎರಡು ಮಳೆಗಳ ನಡುವೆ ಒಂದೆರಡು ದಿನ ಹೊಳವಾದಾಗ ಹುಲ್ಲು ಸವರಬೇಕು. ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಜಾರದೆ ಓಡಾಡುವಂತೆ ತೋಟದ ನೆಲ ಕಾಣುವಂತಾಗಬೇಕು. ಆಳುಗಳು ದೊರೆಯುವುದು ದುರ್ಲಭ. ಆ ದಿನ ಮೂಲೆಯಿಂದ ಯಂತ್ರವನ್ನು ತೆಗೆದು ಹಗ್ಗವನ್ನು ಇಪ್ಪತ್ತು ಸಲ ಎಳೆದರೂ ಅದು ಉಸಿರೆತ್ತುವುದಿಲ್ಲ. ಪೇಟೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಆಗಲೇ ಹತ್ತಾರು ಯಂತ್ರಗಳು ಸರದಿ ಕಾಯುತ್ತಿರುವುವು. ಅದು ಹಿಂದಿರುಗುವಷ್ಟರಲ್ಲಿ ಹೊಳವು ಕಳೆದು ಹುಲ್ಲು ಮೊಣಕಾಲಿಗೆ ಬಂದಿರುವುದು.

ಹಿಂದಿನ ಒಂದು ಆಷಾಢದಲ್ಲಿ ನಾನು ಸರ್ಕೀಟು ಹೋಗಿದ್ದ ಗ್ರಾಮವೊಂದರಲ್ಲಿ ತೋಟದ ಯಜಮಾನರೊಬ್ಬರು ಯಂತ್ರವನ್ನು ಅಂಗಳಕ್ಕೆ ತರಿಸಿ, “ಕಾರ್ಬ್ಯುರೇಟರು ಹೊಸದು, ಪ್ಲಗ್ಗು ಹೊಸದು, ಅಂಗಡಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಮನೆಗೆ ಬಂದರೆ ಹಟ ಹಿಡಿಯುತ್ತದೆ, ಸ್ವಾಮಿ” ಎಂದರು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದಾಗ ಪೆಟ್ರೋಲಿನ ಚುರುಕಾದ ವಾಸನೆಯ ಬದಲು ಹಳೆಯ ವಾರ್ನಿಷಿನ ವಾಸನೆ ಬಂದಿತು. ವಿಚಾರಿಸಲಾಗಿ, ಕಾರ್ತಿಕ ಮಾಸದಲ್ಲಿ ಕ್ಯಾನಿನಲ್ಲಿ ತಂದಿಟ್ಟ ಪೆಟ್ರೋಲನ್ನೇ ಇನ್ನೂ ತುಂಬುತ್ತಿರುವುದು ತಿಳಿಯಿತು. ಅದನ್ನು ಗಾಜಿನ ಸೀಸೆಗೆ ಬಗ್ಗಿಸಿ ಸ್ವಲ್ಪ ಹೊತ್ತು ಇಟ್ಟೆವು. ತಳದಲ್ಲಿ ನೀರಿನಂಥ ಪದರವು ಬೇರೆಯಾಗಿ ನಿಂತಿತು. ಟ್ಯಾಂಕನ್ನು ಬರಿದು ಮಾಡಿ, ಹೊಸ ಪೆಟ್ರೋಲಿನಿಂದ ಒಮ್ಮೆ ಗಲಬರಿಸಿ, ಪ್ಲಗ್ಗನ್ನು ಒರಸಿ ಹಾಕಿದ ಮೇಲೆ ಯಂತ್ರವು ಐದನೆಯ ಎಳೆತಕ್ಕೆ ನಡೆಯಿತು. ಕಾರ್ಬ್ಯುರೇಟರಿಗೆ ಕೊಟ್ಟ ಹಣವು ವ್ಯರ್ಥವಾಗಿದ್ದಿತು.

ಈಗಿನ ಪೆಟ್ರೋಲಿನ ಗುಣವನ್ನು ರೈತರು ತಿಳಿದಿರಬೇಕು. ಕಬ್ಬಿನ ಕಾಕಂಬಿ, ಧಾನ್ಯ ಮೊದಲಾದುವುಗಳಿಂದ ತೆಗೆಯುವ ಎಥನಾಲೆಂಬ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಪದ್ಧತಿಯು ನಮ್ಮ ದೇಶದಲ್ಲಿ ಕ್ರಮವಾಗಿ ಹೆಚ್ಚುತ್ತ ಬಂದು, 2025ರಲ್ಲಿ ಶೇಕಡ 20ರ ಪ್ರಮಾಣವನ್ನು ಮುಟ್ಟಿತು. ಈ ಮದ್ಯಸಾರವು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವುದು. ಮಳೆಗಾಲದ ಗಾಳಿಯಲ್ಲಿ, ಅರ್ಧ ತುಂಬಿದ ಕ್ಯಾನಿನಲ್ಲಿ ಇದು ಬೇಗನೆ ನಡೆಯುವುದು. ತೇವವು ಮಿತಿಮೀರಿದಾಗ ನೀರೂ ಮದ್ಯಸಾರವೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುವುವು. ಯಂತ್ರವು ಪೆಟ್ರೋಲನ್ನು ಹೀರುವುದು ತಳದಿಂದಲೇ ಆದ್ದರಿಂದ ಮೊದಲು ಅದಕ್ಕೆ ಸಿಕ್ಕುವುದು ಉರಿಯದ ಈ ಭಾಗ. ಇದಲ್ಲದೆ, ನಿಂತ ಪೆಟ್ರೋಲಿನ ಹಗುರವಾದ ಅಂಶವು ಆರಿಹೋಗಿ ಅಂಟಾದ ಗಸಿ ಉಳಿದು ಕಾರ್ಬ್ಯುರೇಟರಿನ ಸೂಜಿಯ ಮೊನೆಯಂಥ ರಂಧ್ರಗಳನ್ನು ಮುಚ್ಚುವುದು. ಬೋರ್ಡೋ ದ್ರಾವಣ ಹೊಡೆದ ಪಂಪನ್ನು ತೊಳೆಯದೆ ಇಟ್ಟರೆ ನಾಜಲು ಕಟ್ಟಿಕೊಳ್ಳುವುದನ್ನು ತೋಟಿಗರೆಲ್ಲರೂ ಕಂಡಿರುವರು, ಇದೂ ಅದರಂತೆಯೇ.

ಆದುದರಿಂದ ಯಂತ್ರವು ಚಾಲೂ ಆಗದಿದ್ದರೆ ಸ್ಪ್ಯಾನರು ಹಿಡಿಯುವುದಕ್ಕೆ ಮೊದಲು, ಸ್ವಿಚ್ಚು ಹಾಕಿದೆಯೇ, ಪೆಟ್ರೋಲಿನ ನಲ್ಲಿ ಇದ್ದಲ್ಲಿ ಅದು ತೆರೆದಿದೆಯೇ ಎಂದು ನೋಡಿ, ನಂತರ ಪೆಟ್ರೋಲನ್ನು ಪರೀಕ್ಷಿಸತಕ್ಕದ್ದು. ತಿಂಗಳಿಗಿಂತ ಹಳೆಯದಾಗಿದ್ದರೆ ಸಂಶಯಪಡದೆ ತೆಗೆದುಹಾಕಬೇಕು. ತೆಗೆದುದನ್ನು ತೋಟದ ಕಪ್ಪಿಗೂ ಬಾವಿಯ ಬಳಿಗೂ ಚೆಲ್ಲಕೂಡದು. ಎರಡು ಸ್ಟ್ರೋಕಿನ ಎಂಜಿನಿಗೆ ಪೆಟ್ರೋಲಿನೊಡನೆ ಎಣ್ಣೆ ಬೆರೆಸಬೇಕಾಗಿರುವುದು. ಲೀಟರಿಗೆ 20 ಮಿಲಿಲೀಟರೆಂದು ಕೆಲವು ಯಂತ್ರಗಳಿಗೂ, 40 ಎಂದು ಇನ್ನು ಕೆಲವಕ್ಕೂ ಗೊತ್ತುಮಾಡಿರುವುದರಿಂದ ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಯೇ ಪ್ರಮಾಣ. ಎಣ್ಣೆಯಿಲ್ಲದೆ ನಡೆಸಿದರೆ ಪಿಸ್ಟನ್ನು ಸ್ವಲ್ಪ ಕಾಲದಲ್ಲಿಯೇ ಹಿಡಿದುಕೊಂಡು ಎಂಜಿನು ಕೆಡುವುದು. ಅಂದಾಜಿನಿಂದ ಹೆಚ್ಚು ಹಾಕಿದರೆ ಪ್ಲಗ್ಗೂ ಸೈಲೆನ್ಸರೂ ಮಸಿ ಹಿಡಿಯುವುವು. ನಾಲ್ಕು ಸ್ಟ್ರೋಕಿನ ಎಂಜಿನಿಗೆ ಎಣ್ಣೆಯನ್ನು ಬೇರೆಯಾಗಿ ತುಂಬುವುದೇ ಹೊರತು ಪೆಟ್ರೋಲಿಗೆ ಬೆರೆಸತಕ್ಕದ್ದಲ್ಲ.

ಇನ್ನು ಚೋಕು. ತಣ್ಣಗಿರುವ ಎಂಜಿನಿಗೆ ಚೋಕನ್ನು ಮುಚ್ಚಿ, ಪೆಟ್ರೋಲನ್ನು ಮೇಲೆತ್ತುವ ರಬ್ಬರಿನ ಗುಳ್ಳೆಯಲ್ಲಿ ಪೆಟ್ರೋಲು ಕಾಣುವವರೆಗೆ ಏಳೆಂಟು ಸಲ ಒತ್ತಿ, ಹಗ್ಗವನ್ನೆಳೆಯಬೇಕು. ಒಮ್ಮೆ ಉರಿದಂತೆ ಶಬ್ದವಾದೊಡನೆ ಚೋಕನ್ನು ತೆರೆಯಬೇಕು. ಹೀಗೆ ತೆರೆಯದೆ ಎಳೆಯುತ್ತಲೇ ಇದ್ದರೆ ಎಂಜಿನಿನೊಳಗೆ ಪೆಟ್ರೋಲು ತುಂಬಿಕೊಂಡು ಪ್ಲಗ್ಗು ತೊಯ್ಯುವುದು. ಆ ಮೇಲೆ ಎಷ್ಟು ಎಳೆದರೂ ಭುಜ ನೋಯುವುದೇ ಫಲ.

ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದೇ ಬಹಳ ಸಂಗತಿಗಳನ್ನು ತಿಳಿಸುವುದು. ತೊಯ್ದಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಕಿಡಿ ಬರುತ್ತಿಲ್ಲ. ಎಷ್ಟು ಎಳೆದರೂ ಒಣಗಿಯೇ ಇದ್ದರೆ ಪೆಟ್ರೋಲು ಎಂಜಿನನ್ನು ಮುಟ್ಟುತ್ತಿಲ್ಲ. ಆಗ ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿಯ ಕೊಕ್ಕೆಯಿಂದ ಹೊರಕ್ಕೆಳೆದು, ಕೊಳೆ ಕಟ್ಟಿದ್ದರೆ ಬದಲಾಯಿಸಿ, ರಬ್ಬರು ನಳಿಗೆಯು ಬಿರಿದಿದೆಯೇ ಎಂದು ನೋಡತಕ್ಕದ್ದು. ತೊಯ್ದ ಪ್ಲಗ್ಗನ್ನು ಒರಸಿ ಒಣಗಿಸಿ, ಸ್ವಿಚ್ಚು ಆರಿಸಿ, ಚೋಕು ತೆರೆದು, ಪ್ಲಗ್ಗಿಲ್ಲದೆ ಹಗ್ಗವನ್ನು ಕೆಲವು ಸಲ ಎಳೆದರೆ ತುಂಬಿದ ಪೆಟ್ರೋಲು ಹೊರಕ್ಕೆ ಬರುವುದು. ಪ್ಲಗ್ಗಿನ ಮಸಿಯನ್ನು ತಂತಿಯ ಬ್ರಷಿನಿಂದ ತೆಗೆದು, ತುದಿಗಳ ನಡುವಣ ಸಂದನ್ನು 0.6ರಿಂದ 0.7 ಮಿಲಿಮೀಟರಿಗೆ ಸರಿಪಡಿಸಬೇಕು. ಕಿಡಿಯನ್ನು ನೋಡಬೇಕಾದರೆ ಪೆಟ್ರೋಲಿನ ಕ್ಯಾನನ್ನು ದೂರವಿಟ್ಟು, ಟ್ಯಾಂಕಿನ ಮುಚ್ಚಳ ಬಿಗಿದು, ಪ್ಲಗ್ಗನ್ನು ತಂತಿಯ ಟೋಪಿಗೆ ಸೇರಿಸಿ, ರಬ್ಬರಿನ ಹಿಡಿಯುಳ್ಳ ಇಕ್ಕಳದಿಂದ ಅದರ ಲೋಹದ ಭಾಗವು ಎಂಜಿನಿಗೆ ತಾಗುವಂತೆ, ಪ್ಲಗ್ಗಿನ ರಂಧ್ರದಿಂದ ದೂರವಾಗಿ ಹಿಡಿದು, ಸ್ವಿಚ್ಚು ಹಾಕಿ ಹಗ್ಗವನ್ನೆಳೆಯಿಸಬೇಕು. ನೀಲಿಯ ಕಿಡಿ ಕಂಡರೆ ಸರಿ. ಹೊಸ ಪ್ಲಗ್ಗಿಗೂ ಕಿಡಿ ಬಾರದಿದ್ದರೆ ಸ್ವಿಚ್ಚಿಗೆ ಹೋಗುವ ತಂತಿಯು ಎಲ್ಲಿಯಾದರೂ ಸವೆದು ಲೋಹಕ್ಕೆ ತಾಗುತ್ತಿದೆಯೇ ಎಂದು ನೋಡಬೇಕು. ಇಲಿ ಕಡಿದಿರುವುದೂ ಉಂಟು. ಅದೂ ಅಲ್ಲವಾದರೆ ಕಾಯಿಲಿನ ದೋಷ. ಅದನ್ನು ಮೆಕ್ಯಾನಿಕ್ಕಿಗೆ ಬಿಡುವುದು ಲೇಸು.

ಯಂತ್ರವು ಚಾಲೂ ಆಗಿ ಐದು ಹತ್ತು ನಿಮಿಷ ನಡೆದು ನಿಲ್ಲುವುದೆಂಬ ದೂರು ಬಹಳ. ಇದರ ಕಾರಣವು ಹಲವು ವೇಳೆ ಟ್ಯಾಂಕಿನ ಮುಚ್ಚಳದಲ್ಲಿರುವುದು. ಪೆಟ್ರೋಲು ಇಳಿದಂತೆಲ್ಲ ಗಾಳಿ ಒಳಗೆ ಬರುವುದಕ್ಕೆ ಅಲ್ಲಿ ಸಣ್ಣ ದಾರಿಯೊಂದಿದೆ. ಅದು ಮಣ್ಣಿನಿಂದ ಮುಚ್ಚಿದರೆ ಪೆಟ್ರೋಲು ಬರುವುದು ನಿಲ್ಲುವುದು. ಯಂತ್ರವು ನಿಂತೊಡನೆ ಅದನ್ನು ನೆಲಕ್ಕಿಳಿಸಿ, ಆರಲು ಬಿಡದೆ ಮುಚ್ಚಳವನ್ನು ಒಂದು ಸುತ್ತು ಮಾತ್ರ ಸಡಿಲಿಸಿ, ಮತ್ತೆ ಬಿಗಿದು ಚಾಲೂ ಮಾಡಿದಾಗ ತಕ್ಷಣ ನಡೆದರೆ ದೋಷವು ಅಲ್ಲಿಯೇ ಎಂದು ತಿಳಿಯಬಹುದು. ಆದರೆ ಬಿಸಿಯಾದ ಎಂಜಿನಿಗೆ ಪೆಟ್ರೋಲು ತುಂಬಲೇಕೂಡದು.

ನಡೆದರೂ ಬಲವಿಲ್ಲದಿದ್ದರೆ ಗಾಳಿಯ ಫಿಲ್ಟರನ್ನು ನೋಡಬೇಕು. ಸ್ಪಂಜಿನದಾಗಿದ್ದರೆ ಸಾಬೂನಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಕಾಗದದ್ದನ್ನು ತೊಳೆಯಬಾರದು, ಬದಲಾಯಿಸಬೇಕು. ಫಿಲ್ಟರು ಅಡ್ಡಿಯೆಂದು ಅದನ್ನು ತೆಗೆದುಹಾಕಿಯೇ ನಡೆಸುವವರನ್ನು ಕಂಡಿದ್ದೇನೆ. ಧೂಳು ಒಳಹೊಕ್ಕು ಸಿಲಿಂಡರನ್ನು ಅರೆದುಹಾಕುವುದು. ಎರಡು ಸ್ಟ್ರೋಕಿನ ಹಳೆಯ ಯಂತ್ರದಲ್ಲಿ ಸೈಲೆನ್ಸರಿನ ಬಾಯಿಯ ಜಾಲರಿಗೆ ಮಸಿ ಕಟ್ಟಿದರೂ ಇದೇ ಲಕ್ಷಣ ಕಾಣುವುದು. ಹಗ್ಗವು ಯಾವ ತಡೆಯೂ ಇಲ್ಲದೆ ಸಲೀಸಾಗಿ ಬಂದರೆ ರಿಂಗು ಸವೆದಿರಬಹುದು. ಅದು ಮನೆಯ ಕೆಲಸವಲ್ಲ. ಕಾರ್ಬ್ಯುರೇಟರಿನ ಮೇಲಿನ ಸ್ಕ್ರೂಗಳನ್ನು ತಿರುಗಿಸುವ ಚಪಲವನ್ನೂ ಬಿಡಬೇಕು.

ಬ್ಲೇಡಿಗೆ ಹುಲ್ಲು ಸುತ್ತಿಕೊಂಡು ನಿಂತಾಗ ಕೈಹಾಕುವುದಕ್ಕೆ ಮೊದಲು ಎಂಜಿನನ್ನು ನಿಲ್ಲಿಸಿ ಪ್ಲಗ್ಗಿನ ಟೋಪಿಯನ್ನು ತಪ್ಪದೆ ಕಳಚತಕ್ಕದ್ದು. ಥ್ರಾಟಲನ್ನು ಬಿಟ್ಟಿದ್ದರೂ ಬ್ಲೇಡು ತಿರುಗುತ್ತಲೇ ಇದ್ದರೆ ಕ್ಲಚ್ಚಿನ ಸ್ಪ್ರಿಂಗು ಮುರಿದಿರಬಹುದು, ಅಥವಾ ನಿಧಾನಗತಿಯ ಅಳತೆ ಹೆಚ್ಚಾಗಿರಬಹುದು. ಅಂಥ ಯಂತ್ರವನ್ನು ಆಳಿನ ಕೈಗೆ ಕೊಡಕೂಡದು. ಬ್ಲೇಡಿನಿಂದ ಸಿಡಿಯುವ ಕಲ್ಲು ಬಹುದೂರ ಹಾರುವುದರಿಂದ 15 ಮೀಟರಿನೊಳಗೆ ಮಕ್ಕಳೂ ದನಕರುಗಳೂ ಇರದಂತೆ ನೋಡಿಕೊಳ್ಳಬೇಕು.

ಕೆಲಸದ ಕಾಲ ಮುಗಿದ ದಿನವೇ ಟ್ಯಾಂಕನ್ನು ಬರಿದು ಮಾಡಿ, ಯಂತ್ರವನ್ನು ಬಯಲಿನಲ್ಲಿ ತಾನಾಗಿ ನಿಲ್ಲುವವರೆಗೆ ನಡೆಸಬೇಕು; ಹೀಗೆ ಮಾಡಿದರೆ ಕಾರ್ಬ್ಯುರೇಟರಿನಲ್ಲಿದ್ದುದೂ ಬಹುಮಟ್ಟಿಗೆ ಉರಿದುಹೋಗುವುದು. ಆರಿದ ಮೇಲೆ ಪ್ಲಗ್ಗಿನ ರಂಧ್ರದಲ್ಲಿ ಒಂದು ಸಣ್ಣ ಚಮಚೆಯಷ್ಟು ಎಂಜಿನ್ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ಮೆಲ್ಲಗೆ ಎಳೆದು, ಪ್ಲಗ್ಗು ಹಾಕಿ, ಅಟ್ಟದ ಮೇಲೆ ಒಣಗಿದ ಜಾಗದಲ್ಲಿ ತೂಗುಹಾಕತಕ್ಕದ್ದು.

ಹಲವು ಮನೆಗಳವರು ಕೂಡಿ ಕೊಂಡಿರುವ ಯಂತ್ರಗಳೇ ಬೇಗ ಕೆಡುವುದನ್ನು ಗ್ರಾಮದ ಮುಖಂಡರು ಗಮನಿಸಿರಬಹುದು. ಯಾರು ಯಾವ ಪೆಟ್ರೋಲು ಹಾಕಿದರೆಂದು ಯಾರಿಗೂ ತಿಳಿಯದು. ಎಣ್ಣೆ ಬೆರೆಸದ ಪೆಟ್ರೋಲನ್ನು ಎರಡು ಸ್ಟ್ರೋಕಿನ ಯಂತ್ರಕ್ಕೆ ತುಂಬಿ ಪಿಸ್ಟನ್ನು ಹಿಡಿದ ಮೇಲೆ ಜಗಳವು ಪಂಚಾಯಿತಿಗೆ ಬರುವುದು. ಅಂಥ ಯಂತ್ರಕ್ಕೆ ಒಬ್ಬರನ್ನೇ ಹೊಣೆಗಾರರನ್ನಾಗಿ ಮಾಡಿ, ಪೆಟ್ರೋಲನ್ನು ಅವರೇ ಬೆರೆಸಿ ಕೊಡುವಂತೆ ಏರ್ಪಡಿಸಬೇಕು. ಕ್ಯಾನಿನ ಮೇಲೆ ತಂದ ತಾರೀಖನ್ನೂ, ಬೆರೆಸಿದ ಎಣ್ಣೆಯ ಅಳತೆಯನ್ನೂ ಬಣ್ಣದಲ್ಲಿ ಬರೆಯಿಸಿ, ಹೊಸದು ತಂದಾಗಲೆಲ್ಲ ತಿದ್ದಿಸತಕ್ಕದ್ದು.