ಫರ್ಮ್‌ವೇರ್‌ನ ಚರಿತ್ರೆಯನ್ನು ಕಾಯುವ ಬಗೆ

ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು, ವಿದ್ಯುತ್ ಸ್ಕೂಟರಿನ ಬ್ಯಾಟರಿ ಮೊದಲಾದವುಗಳ ಒಳಗಿದ್ದು ಅವುಗಳನ್ನು ನಡೆಸುವ ಪುಟ್ಟ ಗಣಕವನ್ನು ಮೈಕ್ರೋಕಂಟ್ರೋಲರ್ ಎಂದೂ, ಅದರಲ್ಲಿ ಓಡುವ ತಂತ್ರಾಂಶವನ್ನು ಫರ್ಮ್‌ವೇರ್ ಎಂದೂ ಕರೆಯಲಾಗುತ್ತದೆ. ಇದನ್ನು ಬರೆಯುವ ಎಂಜಿನಿಯರುಗಳು ಸಾಮಾನ್ಯವಾಗಿ ಕೈಲ್ ಮೈಕ್ರೋವಿಷನ್, ಐಎಆರ್ ಎಂಬೆಡೆಡ್ ವರ್ಕ್‌ಬೆಂಚ್, ಎಸ್‌ಟಿಎಂ32 ಕ್ಯೂಬ್‌ಐಡಿಇ ಮುಂತಾದ ಐಡಿಇಗಳಲ್ಲಿ, ಅಂದರೆ ಬರೆಯುವ ಪುಟ, ಬರೆದುದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಮತ್ತು ದೋಷ ಹುಡುಕುವ ಡಿಬಗರ್ ಮೂರೂ ಒಂದೆಡೆ ಸಿಗುವ ತಂತ್ರಾಂಶಗಳಲ್ಲಿ, ಕೆಲಸ ಮಾಡುತ್ತಾರೆ.

ಬರೆಹದ ಪ್ರತಿಯೊಂದು ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂಬ ವಿವರದೊಡನೆ ದಾಖಲಿಸಿ, ಬೇಕಾದಾಗ ಹಿಂದಿನ ಸ್ಥಿತಿಗೆ ಮರಳಲು ಅವಕಾಶ ಕೊಡುವ ಏರ್ಪಾಡೇ ವರ್ಷನ್ ಕಂಟ್ರೋಲ್. ಇವುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಗಿಟ್ ಅನ್ನು ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ ರೂಪಿಸಿದರು. ಗಿಟ್‌ನಲ್ಲಿ ಒಂದೊಂದು ದಾಖಲೆಯನ್ನು ಕಮಿಟ್ ಎನ್ನುತ್ತಾರೆ. ಅದರೊಳಗಿನ ವಿಷಯದಿಂದಲೇ ಲೆಕ್ಕಹಾಕಿದ, ರೂಢಿಯಲ್ಲಿ 40 ಅಂಕಿ-ಅಕ್ಷರಗಳ ಒಂದು ಗುರುತು ಪ್ರತಿ ಕಮಿಟ್‌ಗೂ ಇರುತ್ತದೆ.

ಐಡಿಇ ಜೊತೆಗೆ ಗಿಟ್ ಬಳಸುವಾಗ ನಿಜವಾಗಿ ಕಾಡುವ ಪ್ರಶ್ನೆ, ಯಾವ ಕಡತವನ್ನು ದಾಖಲಿಸಬೇಕು, ಯಾವುದನ್ನು ಬಿಡಬೇಕು ಎಂಬುದು. ಮೈಕ್ರೋವಿಷನ್‌ನ ಯೋಜನಾ ಕಡತದಲ್ಲಿ ಚಿಪ್ಪಿನ ಹೆಸರು ಮತ್ತು ಕಂಪೈಲರ್‌ನ ಆಯ್ಕೆಗಳು ಇರುವುದರಿಂದ ಅದು ಮೂಲ ಬರೆಹದಷ್ಟೇ ಮುಖ್ಯ. ಆದರೆ ಅದರ ಪಕ್ಕದಲ್ಲೇ ಬಳಕೆದಾರರ ಹೆಸರು ಹೊತ್ತು ಕೂರುವ, ಪರದೆಯ ಮೇಲಿನ ಕಿಟಕಿಗಳ ಜೋಡಣೆಯನ್ನಷ್ಟೇ ನೆನಪಿಡುವ ಕಡತವು ದಾಖಲೆಗೆ ಸೇರಿದರೆ, ಒಂದು ಸಾಲನ್ನೂ ತಿದ್ದದ ದಿನವೂ ಬದಲಾವಣೆ ಆದಂತೆ ಕಾಣುತ್ತದೆ. ಕಂಪೈಲರ್ ಹುಟ್ಟಿಸುವ ಮಧ್ಯಂತರ ಕಡತಗಳನ್ನೂ ಇಂಥವನ್ನೂ 'ಗಿಟ್‌ಇಗ್ನೋರ್' ಎಂಬ ಪಟ್ಟಿಯಲ್ಲಿ ಬರೆದು ಮೊದಲ ದಿನವೇ ಹೊರಗಿಡುವುದು ಒಳ್ಳೆಯದು.

ತಾನಾಗಿ ಹುಟ್ಟುವ ಬರೆಹದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಕ್ಯೂಬ್‌ಐಡಿಇ ಬಳಸುವವರು ಚಿಪ್ಪಿನ ಕಾಲುಗಳನ್ನೂ ಗಡಿಯಾರದ ವೇಗವನ್ನೂ ಚಿತ್ರದ ಮೇಲೆ ಆರಿಸಿದರೆ, ಆ ಆಯ್ಕೆಗಳು ಐಒಸಿ ಎಂಬ ಪಠ್ಯ ಕಡತದಲ್ಲಿ ಉಳಿದು, ಅದರಿಂದ ಸಿ ಭಾಷೆಯ ಬರೆಹ ತಯಾರಾಗುತ್ತದೆ. ಆಯ್ಕೆ ಬದಲಿಸಿ ಮತ್ತೆ ತಯಾರಿಸಿದಾಗ, ಬಳಕೆದಾರರಿಗೆಂದು ಗುರುತು ಹಾಕಿ ಬಿಟ್ಟ ಜಾಗಗಳ ಹೊರಗೆ ಎಂಜಿನಿಯರ್ ಸೇರಿಸಿದ್ದೆಲ್ಲ ಅಳಿಸಿಹೋಗುತ್ತದೆ. ಕೈಬರೆಹದ ಕೆಲಸವನ್ನು ಮೊದಲು ಕಮಿಟ್ ಮಾಡಿ, ಯಂತ್ರ ತಯಾರಿಸಿದ್ದನ್ನು ಐಒಸಿ ಕಡತದೊಡನೆ ಪ್ರತ್ಯೇಕ ಕಮಿಟ್ ಆಗಿ ಇಟ್ಟರೆ, ಅಳಿದದ್ದು ಏನೆಂದು ಒಡನೆ ಕಾಣುತ್ತದೆ ಮತ್ತು ಮರಳಿ ಸಿಗುತ್ತದೆ.

ಮೂಲ ಬರೆಹ ಒಂದೇ ಆಗಿದ್ದರೂ ಕಂಪೈಲರ್‌ನ ಆವೃತ್ತಿ ಬದಲಾದರೆ ಫರ್ಮ್‌ವೇರ್‌ನ ಗಾತ್ರವೂ ಕಾಲದ ಲೆಕ್ಕವೂ ಬದಲಾಗಬಹುದು. ಮೈಕ್ರೋಸೆಕೆಂಡುಗಳ ಮೇಲೆ ನಿಂತ ಮೋಟಾರು ನಿಯಂತ್ರಣದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದ ಕಂಪೈಲರ್ ಮತ್ತು ಚಿಪ್ ಗ್ರಂಥಾಲಯಗಳ ಆವೃತ್ತಿಯನ್ನೂ, ಸ್ಮೃತಿಯಲ್ಲಿ ಏನು ಎಲ್ಲಿರಬೇಕೆಂದು ಹೇಳುವ ಲಿಂಕರ್ ಕಡತವನ್ನೂ ದಾಖಲೆಯಲ್ಲಿ ಇಡಲೇಬೇಕು.

ದೋಷ ಯಾವಾಗ ನುಸುಳಿತೆಂದು ಪತ್ತೆಹಚ್ಚಲು ಗಿಟ್‌ನಲ್ಲಿ 'ಬೈಸೆಕ್ಟ್' ಎಂಬ ಆದೇಶವಿದೆ: ಸರಿಯಿದ್ದ ಮತ್ತು ಕೆಟ್ಟ ಕಮಿಟ್‌ಗಳ ನಡುವಿನದನ್ನು ಆರಿಸಿ ಪರೀಕ್ಷಿಸುತ್ತ, ಪ್ರತಿ ಸಲ ಅರ್ಧವನ್ನು ಕೈಬಿಡುತ್ತ ಹೋದರೆ 1000 ಕಮಿಟ್‌ಗಳಲ್ಲಿ ತಪ್ಪಿತಸ್ಥ ಕಮಿಟ್ ಸುಮಾರು 10 ಪರೀಕ್ಷೆಗಳಲ್ಲಿ ಸಿಗುತ್ತದೆ. ಪ್ರತಿ ಪರೀಕ್ಷೆಗೂ ಫರ್ಮ್‌ವೇರನ್ನು ಬೋರ್ಡಿಗೆ ತುಂಬಿ ನೋಡಬೇಕಾದ ಈ ಕ್ಷೇತ್ರದಲ್ಲಿ ಇಂಥ ಉಳಿತಾಯ ಬಹಳ ದೊಡ್ಡದು.

ಮಾರಾಟವಾಗಿ ಹೋದ ಯಂತ್ರವೊಂದು ಕೆಟ್ಟು ಮರಳಿದಾಗ ಅದರೊಳಗೆ ಯಾವ ಬರೆಹ ಓಡುತ್ತಿದೆಯೆಂದು ತಿಳಿಯದಿದ್ದರೆ ಇಷ್ಟೆಲ್ಲ ದಾಖಲೆಯೂ ವ್ಯರ್ಥ. ಇದಕ್ಕಾಗಿ ಕಂಪೈಲ್ ಮಾಡುವ ಮುನ್ನ 'ಗಿಟ್ ಡಿಸ್ಕ್ರೈಬ್' ಆದೇಶದಿಂದ ಕಮಿಟ್‌ನ ಗುರುತನ್ನು ಪಡೆದು ಫರ್ಮ್‌ವೇರ್‌ನೊಳಗೇ ಸೇರಿಸಲಾಗುತ್ತದೆ. 'ಡರ್ಟಿ' ಎಂಬ ಆಯ್ಕೆಯನ್ನು ಆ ಆದೇಶಕ್ಕೆ ಕೊಟ್ಟರೆ, ಇನ್ನೂ ಕಮಿಟ್ ಆಗದ ತಿದ್ದುಪಡಿಗಳಿದ್ದಲ್ಲಿ ಗುರುತಿನ ಕೊನೆಗೆ ಅದೇ ಪದ ಅಂಟಿಕೊಳ್ಳುತ್ತದೆ, ಮತ್ತು ಆ ಪದವಿರುವ ಫರ್ಮ್‌ವೇರನ್ನು ಕಾರ್ಖಾನೆಗೆ ಕಳುಹಿಸಬಾರದು.