ಕಬ್ಬನ್ ಪಾರ್ಕಿನ ಇನ್ನೊಂದು ಹೆಸರು

ಬೆಂಗಳೂರಿನ ಕಬ್ಬನ್ ಪಾರ್ಕ್ ಗೊತ್ತಲ್ಲ? 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅದಕ್ಕೆ ಶ್ರೀ ಚಾಮರಾಜೇಂದ್ರ ಪಾರ್ಕ್ ಅಂತ ಹೆಸರಿಟ್ಟರು. ಆಟೋದವರಿಗೆ ಆ ಹೆಸರು ಹೇಳಿ ನೋಡಿ!

ಶುರುವಾದದ್ದು 1870ರಲ್ಲಿ. ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದಾಗ 100 ಎಕರೆ. ಆಮೇಲೆ ಸುಮಾರು 300ಕ್ಕೆ ಬೆಳೆಯಿತು. ಅತ್ತ ಹಳೆಯ ಪೇಟೆ, ಇತ್ತ ಬ್ರಿಟಿಷರ ದಂಡು. ಭಾಷೆ, ಬದುಕು ಎರಡೂ ಬೇರೆಯಿದ್ದ ಊರುಗಳ ನಡುವೆ ಈ ಹಸಿರು.

ಬೆಳಿಗ್ಗೆ ಆರಕ್ಕೆ ಬನ್ನಿ. ಗಾಳಿ ಬೀಸಿದರೆ ಬಿದಿರುಮೆಳೆ ಕಿರ್ರ್ ಅನ್ನುತ್ತೆ. ಮಂಕಿಕ್ಯಾಪ್ ಹಾಕಿಕೊಂಡ ಯಜಮಾನರು ರಾಜಕೀಯ ಮಾತಾಡುತ್ತಾ ಎರಡು ಸುತ್ತು ಹೊಡೆಯುತ್ತಾರೆ. ಹೊತ್ತೇರಿದರೆ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯಕ್ಕೆ ಓದುವವರು, ಪಕ್ಕದ ಹೈಕೋರ್ಟಿಗೆ ಕರಿಕೋಟುಗಳು, ಬಾಲಭವನದ ಪುಟಾಣಿ ರೈಲಿಗೆ ಮಕ್ಕಳು.

ಭಾನುವಾರ ಒಳರಸ್ತೆಗಳಲ್ಲಿ ವಾಹನ ಬಿಡಲ್ಲ. ಮೆಟ್ರೋದಲ್ಲೇ ಬನ್ನಿ.